ಕಟಕಟೆಗೆ ಮೇಣ

ಬೇಸಿಗೆ ರಜೆ. ಕಾಸರಗೋಡಿನ ಕೋರ್ಟಿನಲ್ಲಿ ಫ್ಯಾನುಗಳಿಗೂ ಕೆಲಸವಿಲ್ಲ.
ಅಟೆಂಡರ್ ಕುಂಞಂಬು ಬೀಗ ತೆಗೆದು
‘ಮೇಜು ನಾಲ್ಕು, ಕುರ್ಚಿ ಹನ್ನೊಂದು, ಕಟಕಟೆ ಒಂದು,
ಸೋಮವಾರದೊಳಗೆ ಆಗಬೇಕು’ ಎಂದು
ಬೀಡಿ ಸೇದಲಿಕ್ಕೆ ಹೋದವ ಮತ್ತೆ ಬರಲೇ ಇಲ್ಲ.

ಮುಳ್ಳೇರಿಯದಿಂದ ತಂದ ಜೇನುಮೇಣ,
ಬೆಲ್ಲದಚ್ಚಿನ ಬಣ್ಣ, ಒಳಗೊಂದು ನೊಣದ ರೆಕ್ಕೆ ಸಮೇತ.
ನೇರ ಬೆಂಕಿಗೆ ಇಡಬಾರದು.
ಬಿಸಿನೀರಿನ ಪಾತ್ರೆಯೊಳಗೆ ಡಬ್ಬಿ, ಡಬ್ಬಿಯೊಳಗೆ ಮೇಣ.
ಟರ್ಪಂಟೈನು ಆಮೇಲೆ, ಅದೂ ಒಲೆ ನಂದಿಸಿ, ದೂರ ಇಳಿಸಿ.
ತೆಂಗಿನೆಣ್ಣೆ ಬೇಡ ಮಾರಾಯ, ಎಂದೆ ಸಿನಾನನಿಗೆ,
ಮನೆಯಲ್ಲಿ ಎಲ್ಲದಕ್ಕೂ ಅದೇ, ನನಗೂ ಗೊತ್ತುಂಟು.
ಮರಕ್ಕೆ ಹಚ್ಚಿದರೆ ತಿಂಗಳೊಳಗೆ ಕನರುತ್ತದೆ,
ಜಡ್ಜರಿಗೆ ಹಳೆ ಹಪ್ಪಳದ ನೆನಪಾಗುತ್ತದೆ.
ಹುಡುಗ ನಕ್ಕ. ಖಾಲಿ ಕೋರ್ಟಿನಲ್ಲಿ ನಗು
ಎರಡು ಸಲ ಕೇಳುತ್ತದೆ.

ಮೇಜುಗಳು ಸುಲಭ. ತೇಗ ಹೇಳಿದ ಮಾತು ಕೇಳುತ್ತದೆ.
ಕಟಕಟೆ ಹಲಸು.
ಮೇಲಿನ ಪಟ್ಟಿ ಕರ್ರಗೆ, ಅಂಗೈ ಬೆವರು ಕುಡಿದು ಕುಡಿದು.
ಸೋಪುನೀರಲ್ಲಿ ಹಿಂಡಿದ ಬೈರಾಸು ಒಂದೆಳೆತಕ್ಕೆ ಕಪ್ಪು,
ಇನ್ನೊಂದು ಬೈರಾಸು, ಅದೂ ಕಪ್ಪು,
ಐದನೆಯದರ ಹೊತ್ತಿಗೆ ಒಳಗಿನ ಹಳದಿ
ನಿದ್ದೆಯಿಂದ ಎದ್ದವರ ಹಾಗೆ ಕಣ್ಣು ಬಿಟ್ಟಿತು.

ಅದೇ ಹಳದಿ.
ಹತ್ತೊಂಬತ್ತರಲ್ಲಿ ನಾನು ಇಲ್ಲಿ ನಿಂತಿದ್ದೆ,
ದೂಮಣ್ಣ ಕೊಡಿಸಿದ ಬಿಳಿ ಅಂಗಿಯಲ್ಲಿ.
ತೋಳು ಬೆರಳಿನವರೆಗೆ ಬರುತ್ತಿತ್ತು, ಮಡಚಿಕೊಂಡಿದ್ದೆ.
ಗಡಿಕಲ್ಲು ಹಲಸಿನ ಮರದ ಆಚೆಯೋ ಈಚೆಯೋ,
ಅಷ್ಟೇ ಪ್ರಶ್ನೆ.
ನಾನು ತುಳುವಿನಲ್ಲಿ ‘ಆಚೆ’ ಅಂದೆ.
ದುಭಾಷಿ ಅದನ್ನು ಮಲಯಾಳಕ್ಕೆ ದಾಟಿಸಿದರು,
ವಕೀಲರು ಇಂಗ್ಲಿಷಿಗೆ,
ಗುಮಾಸ್ತ ಟೈಪು ಹೊಡೆದ.
ಒಂದು ಸಣ್ಣ ಸುಳ್ಳು ಮೂರು ಭಾಷೆ ಕಲಿತು
ನನಗಿಂತ ವಿದ್ಯಾವಂತನಾಗಿ ಹೊರಗೆ ಹೋಯಿತು.
ಉಂಬಕ್ಕೆ ಬಾಗಿಲ ಹತ್ತಿರ ಕೂತಿದ್ದರು.
ಅವರಿಗೆ ಮೊದಲನೆಯ ಭಾಷೆಯಲ್ಲೇ ಅರ್ಥವಾಗಿತ್ತು.

ಮಧ್ಯಾಹ್ನ ಮೀನಿನ ಊಟ, ಬಸ್ಸಿನ ದುಡ್ಡು.
ಮರ ಮುಂದಿನ ವರ್ಷ ಹೋಯಿತು. ಯಾರ ಮನೆಯ ಬಾಗಿಲಾಯಿತೋ.

ಮೇಣ ತೆಳ್ಳಗೆ ಹಚ್ಚಬೇಕು, ಹುಡುಗ,
ಇಲ್ಲದ ಹಾಗೆ ಇರಬೇಕು.
ನಾರಿನ ಜಾಡು ಹಿಡಿದೇ ಹೋಗು, ಅಡ್ಡ ಉಜ್ಜಬೇಡ,
ಅಡ್ಡ ಉಜ್ಜಿದ್ದು ಇವತ್ತು ಕಾಣುವುದಿಲ್ಲ,
ಬಿಸಿಲು ಓರೆಯಾಗಿ ಬಿದ್ದ ದಿನ ಕಾಣುತ್ತದೆ.
ಹಚ್ಚಿ ಬಿಡು. ಚಾ ಕುಡಿ. ಆಮೇಲೆ ಒಣಬಟ್ಟೆ.

ಅವನೇ ಕರೆದ: ‘ಇಲ್ಲಿ ನೋಡಿ, ಪಟ್ಟಿಯ ಅಡಿಗೆ.’
ಬಗ್ಗಿದೆ. ಮೇಲಿಂದ ಯಾರಿಗೂ ಕಾಣದಲ್ಲಿ,
ನಿಂತವರ ಬೆರಳು ಮಾತ್ರ ತಲುಪುವಲ್ಲಿ,
ಉಗುರು ಕೆರೆದು ಕೆರೆದು ಮರ ಗುಳಿ ಬಿದ್ದಿತ್ತು,
ಅಕ್ಕಿ ಅಳೆಯುವ ಚಿಪ್ಪಿನಷ್ಟು ನುಣ್ಣಗೆ.
‘ಹುಡಿ ಮೇಣ ಕಲಸಿ ತುಂಬಿಸಲಾ?’
ನಾನು ಎಂತ ಹೇಳುವುದು.
ನನ್ನ ಬೆರಳು ಆಗಲೇ ಅದರೊಳಗೆ ಹೋಗಿತ್ತು,
ಸರಿಯಾಗಿ ಕೂತಿತ್ತು.
‘ಬೇಡ,’ ಅಂದೆ, ‘ಅದು ನಮ್ಮ ಕಂತ್ರಾಟಿನಲ್ಲಿಲ್ಲ.’

ಹೊಳಪು ಬಂತು. ಕಿಟಕಿ ಪೂರ್ತಿ ಅದರಲ್ಲಿ ಇಳಿಯಿತು.
ಪರೀಕ್ಷೆ ಒಂದೇ: ಒಳಗೆ ನಿಂತು ಅಂಗೈ ಊರಬೇಕು,
ಎತ್ತಿದಾಗ ಗುರುತು ಉಳಿದಿರಬಾರದು.
ಬೇರೆ ಮನೆಗಳಲ್ಲಿ ಇದನ್ನು ನಾನೇ ಮಾಡುತ್ತೇನೆ.
ಸಿನಾನ್ ಹತ್ತಿ ನಿಂತ, ಕೈಯಿಟ್ಟ,
ಸಿನಿಮಾದವರ ಹಾಗೆ ಗಂಟಲು ಸರಿಮಾಡಿಕೊಂಡ.
‘ಎಷ್ಟು ಹೊತ್ತು ಹೀಗೆ ನಿಲ್ಲಬೇಕು?’

ನಾನು ಬಿಲ್ಲು ಬರೆಯುತ್ತಿದ್ದೆ.
ಕಟಕಟೆ ಒಂದು. ಮೇಣ, ಎರಡು ಸಲ.
ಬೈರಾಸು, ಐದು.